ಐದಕ್ಕೆ ಹೊರಡುತ್ತಾರಂತೆ

ದೊಡ್ಡನೆಕ್ಕುಂದಿ,
8 ಡಿಸೆಂಬರ್ 2025, ಸೋಮವಾರ, ಬೆಳಗಿನ ಜಾವ ಮೂರು ಗಂಟೆ

ಪ್ರೀತಿಯ ಅತ್ತೆಗೆ ಕೃಪಾಳ ನಮಸ್ಕಾರ.

ಕೆಳಗೆ ಬೈಕ್ ಸ್ಟಾರ್ಟ್ ಆದ ಸದ್ದಿಗೆ ಎಚ್ಚರವಾಯಿತು. ಪಕ್ಕದಲ್ಲಿ ನಿಮ್ಮ ಮಗ ಇರಲಿಲ್ಲ. ಕಿಟಕಿಯಿಂದ ಬಗ್ಗಿ ನೋಡಿದರೆ ಗೇಟು ಹಾಕಿಯೇ ಇತ್ತು. ಇವರು ಬೈಕಿನ ಮೇಲೆ ಕೂತು ಸ್ಟಾರ್ಟ್ ಮಾಡುವುದು, ಆಫ್ ಮಾಡುವುದು, ಮತ್ತೆ ಸ್ಟಾರ್ಟ್ ಮಾಡುವುದು. ಆಮೇಲೆ ಮೇಲೆ ಬಂದು ಏನೂ ಆಗದವರಂತೆ ಮಲಗಿದರು. ನನಗೆ ಮತ್ತೆ ನಿದ್ದೆ ಹತ್ತಲಿಲ್ಲ, ಅಡುಗೆಮನೆಯಲ್ಲಿ ಕೂತು ಇದನ್ನು ಬರೆಯುತ್ತಿದ್ದೇನೆ.

ನಿಮ್ಮ ಮಂಡಿನೋವು ಹೇಗಿದೆ? ವರ್ತೂರಿನಲ್ಲಿ ಕೆರೆ ಕಡೆಯ ಗಾಳಿಗೆ ಚಳಿ ಜಾಸ್ತಿ, ಸ್ವೆಟರ್ ಹಾಕಿಕೊಂಡೇ ಮಲಗಿ. ಬಿ.ಪಿ. ಮಾತ್ರೆ ಮುಗಿಯುತ್ತಾ ಬಂದಿರಬೇಕು, ಧನಲಕ್ಷ್ಮಿ ಅತ್ತಿಗೆಗೆ ಹೇಳಿ ತರಿಸಿಕೊಳ್ಳಿ. ಪಾಪುಗೆ ಮೇಲಿನ ಎರಡು ಹಲ್ಲು ಬಂದಿವೆ. ಸಂಜೆಯಾದರೆ ನಿಮ್ಮ ಕೋಣೆಯ ಬಾಗಿಲು ತಟ್ಟುತ್ತಾಳೆ. ತೆಗೆದು ತೋರಿಸಿದರೂ ನಂಬುವುದಿಲ್ಲ, ಮಂಚದ ಕೆಳಗೂ ಬಗ್ಗಿ ಹುಡುಕುತ್ತಾಳೆ.

ಇವರು ಇವತ್ತಿನಿಂದ ಕೆಲಸಕ್ಕೆ ಹೋಗುತ್ತಾರೆ. ಪ್ಲಾಸ್ಟರ್ ತೆಗೆದು ಮೂರು ವಾರವಾಯಿತು, ಕೈ ವಾಸಿಯಾಗಿದೆ. ಫಸ್ಟ್ ಶಿಫ್ಟಿಗೆ ಪೀಣ್ಯದಲ್ಲಿರಬೇಕೆಂದರೆ ಆ ಹೊತ್ತಿಗೆ ತಲುಪಿಸುವ ಬಸ್ಸಿಲ್ಲ. ಫ್ಯಾಕ್ಟರಿ ನಮ್ಮೂರಲ್ಲೇ ಇದ್ದಾಗ ಊಟದ ಡಬ್ಬಿ ಹಿಡಿದು ನಡೆದೇ ಹೋಗುತ್ತಿದ್ದರಲ್ಲ. ಅದು ಪೀಣ್ಯಕ್ಕೆ ಹೋಯಿತು ಅಂತಲೇ ತಾನೇ ಮೂವತ್ತಮೂರನೇ ವಯಸ್ಸಿಗೆ ಬೈಕ್ ಕಲಿಯಬೇಕಾಗಿ ಬಂದದ್ದು. ಎದುರುಮನೆ ದಾಸಪ್ಪನವರು, "ಏನ್ಲಾ ನಂದೀಶ, ಮದ್ವೆಯಾಗಿ ಮಗು ಆದ್ಮೇಲೆ ಬೈಕ್ ಕಲೀತಿದ್ಯಲ್ಲ, ಇನ್ಯಾರನ್ನ ಕೂರುಸ್ಕೊಂಡು ಸುತ್ತಬೇಕು?" ಎಂದಾಗ ನೀವು, "ನನ್ನೇ ಕೂರುಸ್ಕೊಂತಾನೆ ಬಿಡಣ್ಣ, ನಿಂಗ್ಯಾಕೆ ಹೊಟ್ಟೆಉರಿ" ಎಂದಿರಿ. ಆವತ್ತು ಇವರು ಎಷ್ಟು ನಕ್ಕಿದ್ದರು.

ಆಯುಧಪೂಜೆಯ ದಿನದ್ದು ಎತ್ತಬಾರದು ಅಂದುಕೊಂಡಿದ್ದೆ, ಆದರೆ ಅದನ್ನು ಬಿಟ್ಟು ಬರೆದರೆ ಇದು ಕಾಗದವೇ ಅಲ್ಲ. ಬೈಕಿಗೆ ನಿವಾಳಿಸಿ ಗೇಟಿನ ಮುಂದೆ ಬೂದುಗುಂಬಳಕಾಯಿ ಒಡೆದಿರಿ. ನಾನು ಪೊರಕೆ ತಂದಾಗ, "ಮುಟ್ಬೇಡ ಕಣಮ್ಮ, ಮನೆಯೋರೇ ಎತ್ತಿದ್ರೆ ತೆಗೆದ ದೃಷ್ಟಿ ವಾಪಸ್ ಬತ್ತದೆ" ಎಂದಿರಿ. ನಮ್ಮಮ್ಮನೂ ಹಾಗೇ ಹೇಳುತ್ತಿದ್ದಳು, ಪೊರಕೆ ಮೂಲೆಗಿಟ್ಟೆ. ಸಂಜೆ ತುಂತುರು ಬಿತ್ತು. ಇವರು ಹಾಲು ತರಲು ಹೋಗಿ ವಾಪಸ್ ಬರುವಾಗ ಅದರ ಮೇಲೇ ಚಕ್ರ ಜಾರಿತು. ಆಸ್ಪತ್ರೆಯಲ್ಲಿ ನೋವಿನಲ್ಲಿ, "ನಿನ್ನ ಕುಂಬಳಕಾಯೇ ನನ್ನ ಕೆಡವಿದ್ದು ಕಣಮ್ಮ" ಎಂದುಬಿಟ್ಟರು. ಮಾರನೇ ದಿನ ನೀವು ಬ್ಯಾಗಿಗೆ ಸೀರೆ ತುಂಬಿಕೊಂಡು, "ನನ್ನ ಕೈಗುಣಾನೇ ಸರಿ ಇಲ್ಲ, ನಾನ್ ದೂರ ಇದ್ರೇ ನನ್ ಮಗಂಗೆ ಒಳ್ಳೇದು" ಎಂದು ಮಗಳ ಮನೆಗೆ ಆಟೋ ಹತ್ತಿದಿರಿ. ಅಂದಿನಿಂದ ಇವರು ಫೋನ್ ಮಾಡಿದರೆ ಅತ್ತಿಗೆಯೇ ಎತ್ತಿ, "ಅಮ್ಮ ಮಲಗವ್ಳೆ ಕಣೋ" ಎನ್ನುತ್ತಾರೆ. ಹಗಲು ಹನ್ನೊಂದಕ್ಕೂ ಮಲಗಿರುತ್ತೀರಾ ಅತ್ತೆ? ಇವರು ಫೋನ್ ಕೆಳಗಿಟ್ಟು ಗೋಡೆ ನೋಡುತ್ತಾ ಕೂರುತ್ತಾರೆ. ಆಡಿದ ಮಾತನ್ನು ವಾಪಸ್ ತಗೊಳ್ಳುವುದು ಹೇಗೆಂದು ಇವರಿಗೆ ಗೊತ್ತಿಲ್ಲ.

ನಿನ್ನೆ ಖಾಲಿ ಸೈಟಿನಲ್ಲಿ ಸುತ್ತು ಹಾಕಿ ನೋಡಿದರು. ಪಾಪುವನ್ನು ಎತ್ತಿಕೊಂಡು ನಾನೂ ನಿಂತಿದ್ದೆ. ನೆಲದಲ್ಲಿ ಬಿಳಿ ಕವರ್ ಕಂಡರೂ ನಿಲ್ಲಿಸಿ, ಎರಡೂ ಕಾಲೂರಿ, ತಳ್ಳಿಕೊಂಡೇ ದಾಟುತ್ತಾರೆ. ಅಭ್ಯಾಸ ಆಗುತ್ತೆ ಬಿಡಿ ಎಂದೆ.

ಅತ್ತಿಗೆಗೂ ಮಕ್ಕಳಿಗೂ ಕೇಳಿದೆನೆಂದು ಹೇಳಿ. ಪಾಪುವಿನ ಮೇಲೆ ನಿಮ್ಮ ಆಶೀರ್ವಾದವಿರಲಿ, ಅವರಪ್ಪನ ಮೇಲೂ.

ನಿಮ್ಮ ಸೊಸೆ,
ಕೃಪಾ

ಇನ್ನೊಂದು ಮಾತು: ಕೈ ವಾಸಿಯಾಗಿದೆ ಎಂದದ್ದು ಸುಳ್ಳು, ನಿಮಗೆ ಗಾಬರಿಯಾದೀತೆಂದು ಬರೆದೆ. ಬಲಗೈ ಬೆರಳು ಪೂರ್ತಿ ಮಡಚುವುದಿಲ್ಲ. ಮುದ್ದೆ ಮುರಿಯಲಾಗದೆ ನಾನೇ ತುತ್ತು ಮಾಡಿ ಕೊಡುತ್ತಿದ್ದೇನೆ. ನಿನ್ನೆ ಮುಂದಿನ ಬ್ರೇಕ್ ಒತ್ತಲು ಒಂದು ಸಲವೂ ಆಗಲಿಲ್ಲ. ಡಾಕ್ಟರು ಗಾಡಿ ಮುಟ್ಟಲೇಬೇಡಿ ಎಂದಿದ್ದಾರೆ. ಫ್ಯಾಕ್ಟರಿಯವರ ಅವಸರವೂ ಇಲ್ಲ, ಸೂಪರ್‌ವೈಸರ್ ಮಲಕಪ್ಪನವರೇ, "ಸಂಕ್ರಾಂತಿ ಮುಗಿಸ್ಕೊಂಡು ಬಾರೋ ತಮ್ಮಾ" ಎಂದಿದ್ದಾರೆ. ಹಠ ಇವರದೇ. ತಾನು ಮೊದಲಿನಂತೆ ಬೈಕಿನಲ್ಲಿ ಓಡಾಡುತ್ತಿದ್ದೇನೆಂದು ನಿಮ್ಮ ಕಿವಿಗೆ ಬಿದ್ದರೆ ನೀವು ಮನೆಗೆ ಬರುತ್ತೀರಿ ಅಂತ. ಅತ್ತೂ ಬೇಡಿಕೊಂಡೆ, ನನ್ನ ಮಾತು ಕೇಳುವುದಿಲ್ಲ. ಐದಕ್ಕೆ ಹೊರಡುತ್ತಾರಂತೆ. ಇದರ ಫೋಟೋ ತೆಗೆದು ಅತ್ತಿಗೆಯ ವಾಟ್ಸಾಪಿಗೆ ಈಗಲೇ ಕಳಿಸುತ್ತೇನೆ, ನಲ್ಲಿ ನೀರು ಹಿಡಿಯಲು ನಾಲ್ಕಕ್ಕೆ ಎದ್ದಾಗ ನೋಡುತ್ತಾರೆ. ನೀನು ಬೈಕ್ ಹತ್ತದಿದ್ದರೂ ನಾನು ಮನೆಗೆ ಬರುತ್ತೇನೆ ಕಣಪ್ಪ ಎಂದು ಅಷ್ಟು ಹೇಳಿ ಸಾಕು. ಬೈದರೂ ಸರಿ. ಐದಾಗುವ ಮೊದಲು ಫೋನ್ ಮಾಡಿ ಅತ್ತೆ. ನನಗಲ್ಲ, ಇವರ ಫೋನಿಗೇ ಮಾಡಿ.