ಮಗ್ಗ ನಿಲ್ಲುವ ಭಾನುವಾರ

೯-೧೦-೭೩, ಮಂಗಳವಾರ

ಎಂಟಕ್ಕೆ ವಾಚನಾಲಯದ ಬೀಗ ತೆಗೆದೆ. ಪೇಪರು ಬಂದಿಲ್ಲ — ಬೆಂಗಳೂರು ಬಸ್ಸು ಲೇಟು. ನಿನ್ನೆಯ ಪೇಪರಿನ ಪದಬಂಧವನ್ನು ಯಾರೋ ತುಂಬಿದ್ದಾರೆ. ಅದೂ ತಪ್ಪು. ತಿದ್ದಿದೆ.

ಹತ್ತಕ್ಕೆ ಉತ್ಸವ ಸಮಿತಿಯ ಕಾಗದ. ರಾಜ್ಯಕ್ಕೆ ಕರ್ನಾಟಕವೆಂದು ಹೆಸರಾಗುವ ಸಂತೋಷಕ್ಕೆ ನವೆಂಬರ್ ೨, ೩, ೪ರಂದು ನಮ್ಮ ದೊಡ್ಡಬಳ್ಳಾಪುರದ ಪುರಭವನದಲ್ಲಿ ಕಲೋತ್ಸವ. ನನ್ನ ನಾಟಕ 'ಮಗ್ಗದ ಗುಂಡಿ' ಪಟ್ಟಿಯಲ್ಲಿಲ್ಲ. ಹೋದ ತಿಂಗಳು ಆಯ್ಕೆಗೆ ಆಡಿ ತೋರಿಸಿದ್ದನ್ನು ನೋಡಿ ಅವರು ಬರೆದ ಕಾರಣ: "ಅಭಿನಯದಲ್ಲಿ ಕೂಗಾಟವೂ ಅನವಶ್ಯಕ ಕೈಸನ್ನೆಯೂ ವಿಪರೀತ." ಆದರೆ ಉತ್ಸವದ ಹೊರಗೆ, ನಮ್ಮದೇ ಜಾಗದಲ್ಲಿ ಆಡಿಕೊಳ್ಳುವುದಾದರೆ ಕರಪತ್ರದ ಕೊನೆಗೆ, 'ಇತರೆ' ಎಂಬಲ್ಲಿ, ಒಂದು ಸಾಲು ಹಾಕುತ್ತಾರಂತೆ. ಜಾಗದ ಹೆಸರನ್ನು ೨೪ರೊಳಗೆ ತಿಳಿಸತಕ್ಕದ್ದು.

ಇತರೆ! ಆ ಪುರಭವನ ಎದ್ದದ್ದು ಹೇಗೆಂದು ಕಾರ್ಯದರ್ಶಿ ಹನುಮಂತರಾಯಪ್ಪನಿಗೆ ಗೊತ್ತಿಲ್ಲದಿರಬಹುದು, ನನಗೆ ಗೊತ್ತು. ೧೯೫೧ರ ಬೇಸಿಗೆ. ನೇಕಾರರು ಸರದಿಯ ಮೇಲೆ ಒಂದೊಂದು ದಿನ ಮಗ್ಗ ಬಿಟ್ಟು ಬಂದು ಕಲ್ಲು ಹೊತ್ತರು. ತಾಲ್ಲೂಕು ಕಚೇರಿಯ ರೆಕಾರ್ಡ್ ರೂಮಿನಲ್ಲಿ ಮೂವತ್ತು ವರ್ಷ ಕೂತವನು ನಾನು. ಆ ಫೈಲನ್ನು ಕಟ್ಟಿಟ್ಟವನೂ ನಾನೇ. ಈಗ ಅವರ ಮಕ್ಕಳು 'ಇತರೆ'.

ಮನೆಗೆ ಬಂದು ಹೆಂಡತಿ ರುಕ್ಮಿಣಿಗೆ ಓದಿ ಹೇಳಿದೆ. "ಬಯ್ದು ಆಯ್ತಾ? ಇನ್ನು ಜಾಗ ಹುಡುಕಿ" ಎಂದಳು.

೧೧-೧೦-೭೩

ಹೈಸ್ಕೂಲಿನ ಹಾಲ್ ಕೇಳಿದೆ. ಹೆಡ್ ಮಾಸ್ಟರರು ಒಳ್ಳೆಯವರು. "ಮೊದಲು ಒಂದು ಸಲ ಪ್ರಾಕ್ಟೀಸ್ ಮಾಡಿ ತೋರಿಸಿ" ಎಂದರು. ಸಂಜೆ ತಂಡವನ್ನು ಕರೆದುಕೊಂಡು ಹೋದೆ. ಒಂಬತ್ತು ಜನ, ಎಲ್ಲರೂ ಪವರ್‌ಲೂಮ್ ಶೆಡ್ಡಿನಲ್ಲಿ ಕೆಲಸದವರು. ಮುಂದಾಳು ಸಂಜೀವಪ್ಪ. ಸಾಯಲಿರುವ ಮುದುಕ ನೇಕಾರನ ಪಾತ್ರ ಅವನದು. ಸಾಯುವ ಮಾತನ್ನು ಹರಾಜು ಕೂಗುವವನ ಹಾಗೆ ಕೂಗಿದ. ಪಕ್ಕದ ಹಾಸ್ಟೆಲಿನಿಂದ ವಾರ್ಡನ್ ಓಡಿ ಬಂದರು, ಯಾರಿಗೆ ಏನಾಯಿತೆಂದು ಕೇಳಲು.

ಹಾಲ್ ಇಲ್ಲ.

ಹೊರಗೆ ಬಂದು ಅವನನ್ನು ತರಾಟೆಗೆ ತೆಗೆದುಕೊಂಡೆ.

"ನಾನು ಮೆಲ್ಲಗೇ ಅಂದಿದ್ದು ಸಾರ್."

"ಇದು ಮೆಲ್ಲಗೆಯೇನೋ?"

"ಶೆಡ್ನಾಗೆ ಇದು ಪಿಸುಮಾತು ಸಾರ್."

ಎಲ್ಲರೂ ನಕ್ಕರು. ನನಗೆ ನಗು ಬರಲಿಲ್ಲ. ಮುನಿಲಕ್ಷ್ಮಮ್ಮನದು ಇನ್ನೊಂದು ತೊಂದರೆ. ಶೆಡ್ಡಿನಲ್ಲಿ ಲಾಳಿಯ ಕಂಡಿಕೆಗೆ ನೂಲು ಸುತ್ತುವವಳು. ನಾಟಕದಲ್ಲಿ ಮುದುಕನ ಹೆಂಡತಿ. ದನಿ ಚೆನ್ನ, ಮುಖ ಚೆನ್ನ, ಆದರೆ ಕೈ ಸುಮ್ಮನಿರದು. ಒಂದು ಮಾತಿಗೆ ನಾಲ್ಕು ಸಲ ಬೆರಳು ಆಡಿಸುತ್ತಾಳೆ. ನಾಳೆಯಿಂದ ಅವಳ ಎರಡೂ ಕೈಗೆ ಒಂದು ಹಿತ್ತಾಳೆ ಚೊಂಬು. ಹಿಡಿದುಕೊಂಡೇ ಮಾತಾಡಲಿ.

೧೩-೧೦-೭೩

ಟೂರಿಂಗ್ ಟಾಕೀಸಿನವನನ್ನು ಕಂಡೆ. ಭಾನುವಾರ ಮ್ಯಾಟಿನಿ ಬಿಡುವುದಿಲ್ಲವಂತೆ. "ಇಂಟರ್‌ವೆಲ್ಲಿನಲ್ಲಿ ಹತ್ತು ನಿಮಿಷ ಕೊಡ್ಲಾ ಸ್ವಾಮಿ? ಫೈಟಿಂಗ್ ಐತಾ ನಿಮ್ಮ ನಾಟಕ್ದಾಗೆ?"

ನಮಸ್ಕಾರ ಹೇಳಿ ಬಂದೆ.

೧೭-೧೦-೭೩

ಛತ್ರ — ಮದುವೆಗೆ ಬುಕ್. ಮಾರ್ಕೆಟ್ ಯಾರ್ಡು — ರಾಗಿ ಮೂಟೆ. ಭಜನೆ ಮಂದಿರ — ಹೆಂಗಸು ಪಾತ್ರ ಮಾಡುವುದಾದರೆ ಯೋಚಿಸಿ ಹೇಳುತ್ತೇವೆ ಎಂದರು. ೧೯೩೮ರಲ್ಲೂ ಇದೇ ಮಂದಿರ, ಇದೇ ಮಾತು. ಆಗ ನನಗೆ ಇಪ್ಪತ್ತೆರಡು. ಅವರ ಯೋಚನೆ ಇನ್ನೂ ಮುಗಿದಿಲ್ಲ.

ದೇವನಹಳ್ಳಿಗೂ ಹೋಗಿ ಬಂದೆ. ಕೋಟೆಯೊಳಗೆ ಒಳ್ಳೆ ಬಯಲು, ಗಾಳಿ, ಯಾರ ಅಪ್ಪಣೆಯೂ ಬೇಡ. ಖುಷಿಯಾಯಿತು. ವಾಪಸ್ ಬಸ್ಸಿಗೆ ಎರಡು ಗಂಟೆ ಕಾದೆ. ಆಗ ತಿಳಿಯಿತು, ನಮ್ಮ ಬೀದಿಯ ಒಬ್ಬ ಹೆಂಗಸೂ ಇಷ್ಟು ದೂರ ನಾಟಕ ನೋಡಲು ಬರುವುದಿಲ್ಲ. ಕೋಟೆ ಗೋಡೆಯೆದುರು ಆಡಿ ಯಾರಿಗೆ ತೋರಿಸಲಿ?

೨೨-೧೦-೭೩, ಸೋಮವಾರ

ಇನ್ನೆರಡು ದಿನ.

ಸಂಜೆ ಮನೆಯ ಜಗಲಿಯಲ್ಲೇ ಪ್ರಾಕ್ಟೀಸು. ಚೊಂಬಿನ ಉಪಾಯ ಫಲಿಸಿದೆ — ಮುನಿಲಕ್ಷ್ಮಮ್ಮನ ಕೈ ನಿಂತಿದೆ. ಜೊತೆಗೆ ಮುಖವೂ ನಿಂತಿದೆ. ಕೊನೆಯ ಮಾತು, ಒಂದೂವರೆ ಪುಟ, ತಪ್ಪಿಲ್ಲದೆ ಒಪ್ಪಿಸಿದಳು. ಮನೆಗೆ ಪವರ್‌ಲೂಮ್ ಬರುತ್ತದೆಂದು ಹಳೆಯ ಕೈಮಗ್ಗದ ಗುಂಡಿಗೆ ಮಣ್ಣು ತುಂಬಿಸುತ್ತಾರೆ. ಗಂಡ ನಲವತ್ತು ವರ್ಷ ಕಾಲಿಳಿಬಿಟ್ಟು ಕೂತ ಗುಂಡಿ. ಅದರ ಮುಂದೆ ನಿಂತು ಹೆಂಡತಿ ಆಡುವ ಮಾತು. ೧೯೫೮ರಲ್ಲಿ ಬರೆದೆ. ಹದಿನೈದು ವರ್ಷದಿಂದ ಯಾರೂ ಆಡಿಲ್ಲ.

ಎಲ್ಲರೂ ಹೋದ ಮೇಲೂ ಅವಳು ನಿಂತಿದ್ದಳು.

"ಜಾಗ ಸಿಗ್ತದಾ ಸಾರ್?"

"ನೋಡೋಣಮ್ಮ."

"ನೋಡೋಣ ಅನ್ಬೇಡಿ ಸಾರ್. ನಮ್ಮವ್ವ ನೋಡ್ಬೇಕು. ಗುಂಡಿಗೆ ಮಣ್ಣು ಹಾಕ್ದೋಳು ಅವಳೇ. ಅಪ್ಪ ಅತ್ತ ಮಕ ಮಾಡ್ಕಂಡು ಕುಂತಿದ್ದ, ಇವಳು ಪುಟ್ಟಿ ಪುಟ್ಟಿ ಹೊತ್ತು ಹಾಕಿದ್ಳು. ಇವತ್ತಿಗೂ ಆ ಮಾತು ಎತ್ತಂಗಿಲ್ಲ. ನಾನು ಆಡಿದ್ರಾದ್ರೂ ಬಾಯಿ ಬಿಡ್ತಾಳೇನೋ."

ಅವಳ ತಾಯಿ ಮುನಿತಾಯಮ್ಮ. ಆಮೇಲೆ ಹನ್ನೆರಡು ವರ್ಷ ಶೆಡ್ಡಿನಲ್ಲಿ ದುಡಿದು ಕಿವಿ ಕಳೆದುಕೊಂಡವರು. ಕೇಳಿಸದವರಿಗೆ ನನ್ನ ಒಂದೂವರೆ ಪುಟದಿಂದ ಏನು ಪ್ರಯೋಜನ? ಹಾಗೆನ್ನದೆ, ಚೊಂಬು ಮರೆಯಬೇಡ ಎಂದೆ.

ರುಕ್ಮಿಣಿ ಒಳಗಿಂದ ಎಲ್ಲಾ ಕೇಳಿಸಿಕೊಂಡಿದ್ದಳು. ತಟ್ಟೆ ಹಾಕುತ್ತಾ ಅಂದಳು: "ಅಲ್ಲಾ ಕಣ್ರೀ, ಊರೆಲ್ಲಾ ಸುತ್ತಿದ್ರಿ. ಆಡೋರು ದಿನಾ ನಿಲ್ಲೋ ಜಾಗ ಒಂದು ಬಿಟ್ಟು."

"ಶೆಡ್ಡಾ? ಆ ಸದ್ದಿನಲ್ಲಿ?"

"ಭಾನುವಾರ ಕರೆಂಟೇ ಇರಲ್ವಲ್ಲ."

ಈ ವರ್ಷದ ಕರೆಂಟ್ ಕಟ್. ನಮ್ಮ ಕಡೆಯ ಬೀದಿಗಳಿಗೆ ಭಾನುವಾರ ಪೂರ್ತಿ ರಜೆ. ಆ ಒಂದು ದಿನ ಊರಿನಲ್ಲಿ ಕಾಗೆ ಕೂಗುವುದು ಕೇಳಿಸುತ್ತದೆ. ಅದರ ವಿರುದ್ಧ ಪೇಪರಿಗೆ ಮೂರು ಕಾಗದ ಬರೆದವನು ನಾನು. ನನಗೇ ಹೊಳೆದಿರಲಿಲ್ಲ.

೨೩-೧೦-೭೩

ಗೋಪಾಲಪ್ಪನವರ ಶೆಡ್ಡು. ಎಂಟು ಮಗ್ಗ. ಮುಂಭಾಗದಲ್ಲಿ ಹಾಸುನೂಲು ಸುತ್ತುವ ವಾರ್ಪಿನ ಮಿಷನ್ನು — ಪಕ್ಕಕ್ಕೆ ತಳ್ಳಿದರೆ ನಾಟಕಕ್ಕೆ ಸಾಕು. ಮೇಲೆ ಗಾಜಿನ ಹೆಂಚು, ಹಗಲು ಬೆಳಕು ನೇರ ಬೀಳುತ್ತದೆ. ಲೈಟೇ ಬೇಡ.

ಮಗ್ಗಗಳ ಸದ್ದಿನಲ್ಲಿ ಮಾತೆಲ್ಲಾ ಅವರ ಕಿವಿಯ ಹತ್ತಿರ ಬಾಯಿಟ್ಟು.

"ನಾಟ್ಕನಾ? ನನ್ನ ಬಯ್ಯೋ ನಾಟ್ಕನಾ ಪಿಳ್ಳಪ್ಪನೋರೇ?"

"ನಿಮ್ಮನ್ನಲ್ಲ."

"ಪವರ್‌ಲೂಮ್ ಬಂದು ಮನೆ ಹಾಳಾಯ್ತು ಅಂತ ಐತಂತೆ?"

"ನಿಮ್ಮ ತಂದೆಯವರದೂ ಗುಂಡಿ ಮಗ್ಗವೇ ಅಲ್ಲವೇ ಗೋಪಾಲಪ್ಪ? ಎಲ್ಲಿತ್ತು ಅದು?"

ಮೂರನೇ ಮಗ್ಗದ ಕೆಳಗೆ ಬೆರಳು ತೋರಿಸಿದರು.

ಒಪ್ಪಿದರು. ಷರತ್ತು: ಬೀಡಿ ಕೂಡದು, ಮಗ್ಗದ ಮೇಲಿರುವ ರೇಷ್ಮೆಗೆ ಬಟ್ಟೆ ಮುಚ್ಚಬೇಕು, ಯಾರೂ ನೂಲು ಮುಟ್ಟಬಾರದು. "ಮುಂದಿನ ಸಾಲ್ನಾಗೆ ನಂಗೊಂದು ಕುರ್ಚಿ."

೨೪-೧೦-೭೩

ಹನುಮಂತರಾಯಪ್ಪನಿಗೆ ಜಾಗದ ಹೆಸರು ಬರೆದು ಕೊಟ್ಟೆ. ಎರಡು ಸಲ ಓದಿದ.

"ಮಗ್ಗದ ಶೆಡ್ಡೇ? ಜನ ಬರ್ತಾರಾ ಸಾರ್?"

"ಜನ ಅಲ್ಲೇ ಇದ್ದಾರೆ. ನಾವು ಹೋಗುತ್ತಿದ್ದೇವೆ, ಅಷ್ಟೆ."

ಒಳ್ಳೆ ಮಾತು. ಮನೆಗೆ ಬರುವವರೆಗೂ ಅದನ್ನೇ ಮನಸ್ಸಿನಲ್ಲಿ ಅಂದುಕೊಂಡೆ.

೧-೧೧-೭೩, ಗುರುವಾರ

ಇಂದಿನಿಂದ ಕರ್ನಾಟಕ. ವಾಚನಾಲಯದ ಬೋರ್ಡಿನಲ್ಲಿ 'ಮೈಸೂರು ರಾಜ್ಯ' ಅಳಿಸಿ ಬರೆಸಿದೆ. ಕಣ್ಣು ಒದ್ದೆಯಾಯಿತು — ಇದಕ್ಕಾಗಿ ಎಷ್ಟು ಕಾಗದ ಬರೆದಿಲ್ಲ ನಾನು.

ಕರಪತ್ರ ಬಂತು. ಕೊನೆಯ ಸಾಲು, ಇರುವೆಯಂಥ ಅಕ್ಷರ: ಇತರೆ — 'ಮಗ್ಗದ ಗುಂಡಿ', ಗೋಪಾಲಪ್ಪನವರ ಶೆಡ್ಡು, ಭಾನುವಾರ ಸಂಜೆ ೪. ಆದರೂ ಅಚ್ಚಾಗಿದೆ.

೩-೧೧-೭೩, ಶನಿವಾರ

ಹಾಳಾಯಿತು.

ಪುರಭವನಕ್ಕೂ ಪೇಟೆ ಬೀದಿಗೂ ದೀಪಾಲಂಕಾರ. ಅದಕ್ಕಾಗಿ ಸಮಿತಿಯವರು ಓಡಾಡಿ, ನಾಳೆಯ ಕರೆಂಟ್ ರಜೆಯನ್ನೇ ರದ್ದು ಮಾಡಿಸಿದ್ದಾರೆ. ಊರಿಗೆಲ್ಲಾ ಕರೆಂಟು, ಬೆಳಿಗ್ಗೆಯಿಂದ. ಮದುವೆ ಕಾಲದ ಸೀರೆ ಆರ್ಡರು ಕೂತಿರುವಾಗ ಯಾರು ಮಗ್ಗ ನಿಲ್ಲಿಸುತ್ತಾರೆ? ಅವರ ದೀಪಕ್ಕೆ ನಮ್ಮ ಮೌನವನ್ನು ಕಿತ್ತುಕೊಂಡರು.

ಗೋಪಾಲಪ್ಪ ಮಾತಿಗೆ ತಪ್ಪುವವರಲ್ಲ. "ನನ್ನ ಎಂಟು ನಿಲ್ಲುಸ್ತೀನಿ. ಅಕ್ಕಪಕ್ಕದ್ದು ನನ್ನ ಕೈಲಿಲ್ಲ ಕಣಪ್ಪಾ" ಎಂದರು. ಅಕ್ಕಪಕ್ಕ ಎಂದರೆ ಎಡಕ್ಕೆ ಹನ್ನೆರಡು, ಬಲಕ್ಕೆ ಹತ್ತು.

ಸಂಜೀವಪ್ಪ: "ಆಡೋಣ ಸಾರ್. ಕೂಗ್ತೀವಿ."

ಒಂದು ತಿಂಗಳು ಕೂಗಬೇಡ ಎಂದು ಹೇಳಿಕೊಟ್ಟೆ. ಪತ್ರಿಕೆಗೆ ಕಾಗದ ಬರೆಯಲು ಕೂತೆ. ನಾಲ್ಕು ಸಾಲಾದ ಮೇಲೆ ಹರಿದೆ.

೪-೧೧-೭೩, ಭಾನುವಾರ, ಬೆಳಿಗ್ಗೆ ೧೦

ಸದ್ದು ಶುರುವಾಗಿದೆ. ಎರಡು ಬೀದಿ ಆಚೆಗೂ ಲಾಳಿಯ ಏಟು. ರುಕ್ಮಿಣಿ ಒಳ್ಳೆಯ ಸೀರೆ ಉಟ್ಟಿದ್ದಾಳೆ. ಏಕೆ ಎಂದು ಕೇಳಲಿಲ್ಲ.

ಅದೇ ದಿನ, ಸಂಜೆ ೭

ಇದ್ದದ್ದು ಇದ್ದ ಹಾಗೆ ಬರೆಯುತ್ತೇನೆ.

ಜನ ಬಂದಿದ್ದರು. ನೂರಕ್ಕೂ ಹೆಚ್ಚು, ನಿಂತ ಮಗ್ಗಗಳ ಸಂದಿಯಲ್ಲೆಲ್ಲಾ ಕೂತಿದ್ದರು. ಬಹುಪಾಲು ಹೆಂಗಸರು. ನನ್ನ ಬಲಕ್ಕೆ ಮುನಿತಾಯಮ್ಮ, ಸೆರಗು ಹೊದ್ದು. ಅಕ್ಕಪಕ್ಕದ ಸದ್ದಿಗೆ ಎರಡೂ ಗೋಡೆ ಅದುರುತ್ತಿದ್ದವು. ಸಂಜೀವಪ್ಪ ಬಂದು ಮೊದಲ ಮಾತಾಡಿದ. ಕುತ್ತಿಗೆಯ ನರ ಉಬ್ಬಿದ್ದು ಕಂಡಿತು, ಮಾತು ಕೇಳಿಸಲಿಲ್ಲ. ಹದಿನೈದು ವರ್ಷದ ಮಾತು. ಎದ್ದು ಹೋಗಿಬಿಡೋಣ ಎನಿಸಿತು.

ಮುನಿಲಕ್ಷ್ಮಮ್ಮ ಬಂದಳು, ಚೊಂಬು ಹಿಡಿದು. ಬಾಯಿ ತೆರೆದಳು, ಮುಚ್ಚಿದಳು. ನನ್ನ ಕಡೆ ನೋಡಿದಳು. ಆಮೇಲೆ ಬಗ್ಗಿ ಚೊಂಬನ್ನು ನೆಲಕ್ಕಿಟ್ಟಳು.

ಕೈ ಎತ್ತಿದಳು.

ಶೆಡ್ಡಿಗೆ ಶೆಡ್ಡೇ ಮುಂದಕ್ಕೆ ಬಾಗಿತು. ಸಂಜೀವಪ್ಪ ಕೂಗುವುದನ್ನು ಬಿಟ್ಟ, ಅವನದೂ ಕೈ ಎದ್ದಿತು. ತುಟಿ ಆಡುತ್ತಿದೆ, ಬೆರಳು ಆಡುತ್ತಿದೆ, ದನಿಯೇ ಇಲ್ಲ. ಜನ ನಕ್ಕರು. ಏಕೆ ನಕ್ಕರು? ನಾನು ಬರೆದದ್ದರಲ್ಲಿ ಅಲ್ಲಿ ನಗುವೇ ಇಲ್ಲ! ನೂರು ಜನರಲ್ಲಿ ನಾಟಕ ತಿಳಿಯದವನು ಬರೆದವನೊಬ್ಬನೇ.

ಮುನಿತಾಯಮ್ಮ ನನ್ನ ಪೆಚ್ಚು ಮುಖ ನೋಡಿದರು. ಕಿವಿಗೆ ಬಾಯಿಟ್ಟು ಕೂಗಿದರು: "ಮುದುಕ ಅಂತಾವ್ನೆ, ಹೊಸ ಮಗ್ಗ ನಿನ್ನಂಗೇ, ಬಾಯಿ ಮುಚ್ಚಾಕಿಲ್ಲ ಅಂತ!"

ಕಿವಿ ಕೇಳದ ಆಕೆ ಕೊನೆಯವರೆಗೆ ನನಗೆ ನಾಟಕ ಹೇಳಿದರು. ಶೆಡ್ಡಿನವರ ದಿನದ ಮಾತೇ ಅದು. ಸದ್ದಿನಲ್ಲಿ ಗಂಟಲು ಸೋತವರು ಕೈಯಲ್ಲಿ ಕಟ್ಟಿಕೊಂಡದ್ದು. ಅದನ್ನೇ ನಾನು ತಿಂಗಳಿಡೀ 'ಕೈ ಆಡಿಸಬೇಡ' ಎಂದು ಬಯ್ದದ್ದು. ಸಮಿತಿಯವರ ಕಾಗದಕ್ಕೂ ನನ್ನ ಚೊಂಬಿಗೂ ಏನು ವ್ಯತ್ಯಾಸ?

ಕೊನೆಯ ದೃಶ್ಯ. ಗುಂಡಿಯ ಮುಂದೆ ನಿಂತಳು. ನನ್ನ ಒಂದೂವರೆ ಪುಟ. ಅವಳು ಮಾಡಿದ್ದು ಇಷ್ಟು — ಬಗ್ಗಿ ಅಂಗೈಯಿಂದ ನೆಲ ತಟ್ಟಿದಳು. ಎದ್ದು ಎರಡು ತೋರುಬೆರಳು ಕೂಡಿಸಿ, ಚಟ್ಟನೆ ಬಿಡಿಸಿದಳು. ಆಮೇಲೆ ಬರಿಗೈಯನ್ನು ನಮ್ಮ ಕಡೆ ಚಾಚಿದಳು.

ಮುನಿತಾಯಮ್ಮ ಈ ಸಲ ನನ್ನ ಕಿವಿಗೆ ಬಗ್ಗಲಿಲ್ಲ. ಮಗಳನ್ನೇ ನೋಡುತ್ತಿದ್ದರು. ನಾನೇ ಕೈ ಮುಟ್ಟಿ ಕೇಳಿದೆ.

"ನೂಲು ಹರೀತು" ಎಂದರು. "ಕಟ್ಟೋರ್ಯಾರು ಅಂತವ್ಳೆ."

ಶೆಡ್ಡಿನಲ್ಲಿ ಯಾರಾದರೂ ಆ ಸನ್ನೆ ಮಾಡಿದರೆ ಹತ್ತಿರವಿದ್ದವರು ಉತ್ತರ ಕೊಡಲೇಬೇಕು. ಹೆಬ್ಬೆರಳು ತೋರುಬೆರಳು ಸೇರಿಸಿ ಹೊಸೆಯುವುದು — ಗಂಟು ಹಾಕಿದೆ, ಬಂದೆ ಎಂದು. ಅದು ರೂಢಿ. ಮುಂದಿನ ಸಾಲಿನ ಒಬ್ಬಾಕೆಯ ಕೈ ಎದ್ದಿತು, ಅಷ್ಟೇ ಸಹಜವಾಗಿ. ಹಿಂದೆಯೇ ಇನ್ನೊಂದು. ಕುರ್ಚಿಯಲ್ಲಿ ಕೂತ ಗೋಪಾಲಪ್ಪನವರದೂ. ಗಾಜಿನ ಹೆಂಚಿನ ಬೆಳಕಿನಲ್ಲಿ ನೂರು ಕೈ, ಇಲ್ಲದ ನೂಲನ್ನು ಹೊಸೆಯುತ್ತಾ. ನನ್ನ ನಾಟಕದಲ್ಲಿ ಆ ಹೆಂಗಸಿಗೆ ಯಾರೂ ಉತ್ತರ ಕೊಡುವುದಿಲ್ಲ. ಪರದೆ ಬೀಳುತ್ತದೆ.

ಕೊನೆಗೆ ಎದ್ದದ್ದು ನನ್ನ ಬಲಪಕ್ಕದ ಕೈ, ಮುನಿತಾಯಮ್ಮನದು.

೫-೧೧-೭೩, ಸೋಮವಾರ

ವಾಚನಾಲಯ ತೆಗೆದೆ. ಹನುಮಂತರಾಯಪ್ಪ ಬಂದಿದ್ದ. ನಿನ್ನೆ ಪುರಭವನದಲ್ಲಿ ಭಾಷಣಕ್ಕೆ ಕುರ್ಚಿ ಖಾಲಿಯಿದ್ದವಂತೆ. ಮುಂದಿನ ವರ್ಷ ನಮ್ಮ ನಾಟಕ ಪಟ್ಟಿಯಲ್ಲಿರುತ್ತದಂತೆ, 'ಇತರೆ'ಯಲ್ಲಲ್ಲ. ಸಂಜೆ ಮುನಿಲಕ್ಷ್ಮಮ್ಮನಿಗೆ ಹೇಳಿದೆ. ಯೋಚಿಸಿದಳು.

"ಅಲ್ಲಿ ಮಗ್ಗದ ಸದ್ದು ಇರಲ್ವಲ್ಲ ಸಾರ್. ಬಾಯಿ ಬಿಟ್ಟು ಮಾತಾಡ್ಬೇಕಾಯ್ತದೆ."

"ಬೇಡವೇ ಹಾಗಾದರೆ?"

"ಆಡೋಣ. ಅವರೂ ಕಲ್ತ್ಕಳ್ಳಿ."

ತಾಯಿ ಏನಂದರು ಎಂದು ಕೇಳಿದೆ. ಬೆಳಗಿನವರೆಗೂ ಮಾತಾಡಿದರಂತೆ, ಗುಂಡಿಯದೇ. ಮಣ್ಣು ಹಾಕುವ ಮೊದಲು ಅಪ್ಪನ ಹಳೆಯ ಲಾಳಿಯೊಂದನ್ನು ತಳದಲ್ಲಿಟ್ಟಿದ್ದರಂತೆ, ಯಾರಿಗೂ ಹೇಳದೆ. ಹೇಳಿ ಮುನಿಲಕ್ಷ್ಮಮ್ಮ ಕಣ್ಣೊರೆಸಿಕೊಂಡು ನಕ್ಕಳು.

ಕೆಂಪು ಇಂಕಿನಲ್ಲಿ ಒಂದೂವರೆ ಪುಟ ಹೊಡೆದು ಹಾಕಿದೆ. ನೋವಾಗಲಿಲ್ಲ ಎಂದರೆ ಸುಳ್ಳು. ಅವಳು ನನಗೆ ನಾಲ್ಕು ಸನ್ನೆ ಕಲಿಸಿದ್ದಾಳೆ: ಬಾ, ಸಾಕು, ನೂಲು ಹರಿಯಿತು, ಕಟ್ಟಿದೆ. ಐವತ್ತೇಳರ ಬೆರಳು, ಪೆನ್ನು ಹಿಡಿದೇ ಬಿಗಿದಿದೆ. ನಿಧಾನಕ್ಕೆ ಬರಬೇಕು. ರುಕ್ಮಿಣಿಗೆ ನಿನ್ನೆ ಶೆಡ್ಡಿನಲ್ಲಿ ನೋಡಿ ಒಂದೇ ಸಲಕ್ಕೆ ಬಂದಿದೆ. ಈಗ ಅಡಿಗೆ ಮನೆ ಬಾಗಿಲಲ್ಲಿ ನಿಂತಿದ್ದಾಳೆ, ಬಾಯಿ ಬಿಡುತ್ತಿಲ್ಲ, ಕೈಯಲ್ಲೇ ಏನೋ ಹೇಳುತ್ತಿದ್ದಾಳೆ. 'ಬಾ' ಎಂದೋ 'ಸಾಕು' ಎಂದೋ... ಉತ್ತರ ಕೊಡಲು ಕೈ ಖಾಲಿ ಬೇಕು, ಈ ಪೆನ್ನು —