ಮಠದ ಚೀಲ

೧೯-೧೧-೧೯೨೮, ಸೋಮವಾರ
ಅರವತ್ತೆರಡು ಜನಕ್ಕೆ ಪ್ಲೇಗಿನ ಸೂಜಿ ಹಾಕಿದೆ. ಹೆಂಗಸರು ಅರ್ಧಕ್ಕರ್ಧ ಬಾಕಿ. ಊರಲ್ಲಿ ಇಲಿ ಸತ್ತು ಬೀಳತೊಡಗಿ ಒಂಬತ್ತು ದಿನ, ಪ್ಲೇಗಿಗೆ ಸತ್ತವರು ಮೂವರು. ನಾಳೆ ಸಂಜೆಯೊಳಗೆ ಎಲ್ಲರೂ ಮನೆ ಬಿಟ್ಟು ಈ ಬಯಲಿನ ಗುಡಿಸಲುಗಳಿಗೆ ಬರಬೇಕು. ಕಣಕಟ್ಟೆಯಿಂದ ತರಿಸಿದ ಬಿದಿರ ಗಳ ಸಾಲದು. ನನ್ನ ಸಹನೆಯೂ ಸಾಲದು.

ಇವರಿಗೆ ಪ್ಲೇಗಿಗಿಂತ ಅಟ್ಟದ ಚಿಂತೆ. ಮನೆ ಮನೆಯ ಅಟ್ಟದಲ್ಲೂ ತೆಂಗಿನಕಾಯಿ, ವರ್ಷ ಕಾದು ಕೊಬ್ಬರಿಯಾಗಬೇಕಾದದ್ದು. ಇಲಿಗಳಿಗೆ ಒಳ್ಳೆಯ ಛತ್ರ. ಕೊಬ್ಬರಿ, ಕಾಳು ತರಕೂಡದು. ಬಟ್ಟೆ-ಹಾಸಿಗೆ ಹಾದಿಯಲ್ಲೇ ಬಿಚ್ಚಿ ಬಿಸಿಲಿಗೆ ಹಾಕಬೇಕು. ಇಲಿ ಸತ್ತರೆ ಅದರ ಮೈಯ ಚಿಗಟ ಮನುಷ್ಯನನ್ನು ಹುಡುಕಿ ಬರುತ್ತದೆ ಎಂದು ಹೇಳಿ ಹೇಳಿ ಗಂಟಲು ಕಟ್ಟಿತು. ಹಾದಿ ಕಾವಲಿಗೆ ಜವರಯ್ಯ. ಅವನೊಬ್ಬ ಎರಡು ಸಲ ಹೇಳಿಸಿಕೊಳ್ಳಲಿಲ್ಲ.

೨೦-೧೧, ಬೆಳಗ್ಗೆ
ಗುರುಸಿದ್ದಮ್ಮ—ಊರಿಗೆಲ್ಲ ದೊಡ್ಡ ತೋಟದವಳು, ವಿಧವೆ—ಸೊಸೆ ಶಾಂತಾದೇವಿಯ ಜೊತೆ ಬಂದಳು. ಗಾಡಿಯಲ್ಲಿ ಒಂದು ಚೀಲ ಕೊಬ್ಬರಿ. ಜವರಯ್ಯ ತಡೆದು ನನ್ನನ್ನು ಕರೆದ.

"ಇದು ನಮ್ದಲ್ಲ ಕಣಪ್ಪ, ಮಠದ್ದು. ಮನೇಲಿ ಬಿಟ್ರೆ ಇಲಿ ಬಾಯಿ ಹಾಕ್ತವೆ. ಇಲಿ ಎಂಜ್ಲು ಗುರುಗಳಿಗೆ ಕೊಡಕ್ಕಾಯ್ತದಾ?"

ಬಿಚ್ಚಿ ಸುರಿಯಿರಿ ಎಂದೆ. ಬಾಯಿ ಕಟ್ಟಿ ಗಂಟಿಗೆ ವಿಭೂತಿ ಹಚ್ಚಿದೆಯಂತೆ, ಮಠದಲ್ಲೇ ಬಿಚ್ಚಬೇಕಂತೆ. ವರ್ಷದ ಮೊದಲ ಕೊಬ್ಬರಿ. ನಾನೂ ಮಠದ ಅನ್ನ ಉಂಡು ಓದಿದವನು... ಕೈ ಮುಗಿದೆ. ಒಳಗೆ ಬಿಡು ಎಂದೆ.

ಜವರಯ್ಯ ಚೀಲವನ್ನೇ ನೋಡುತ್ತಿದ್ದ. "ಬಿಸ್ಲಿಗೆ, ಸ್ವಾಮಿ?" ಅಂದ. ಸುಮ್ಮನಿರು ಅಂದೆ. ಒಂದು ಚೀಲ ತಾನೆ.

೨೭-೧೧
ಬಯಲಿನಲ್ಲಿ ಸತ್ತ ಇಲಿ! ಗುರುಸಿದ್ದಮ್ಮನ ಗುಡಿಸಲ ಹಿಂದೆ. ಸೀಮೆಎಣ್ಣೆ ಸುರಿದು ಸುಟ್ಟೆ. ಆರು ಸಲ ಕೈ ತೊಳೆದೆ. ಕೂತಲ್ಲಿ ಕೂರಲಾಗುತ್ತಿಲ್ಲ. ಎಲ್ಲಿಂದ ಬಂತು?

೨೮-೧೧
ಎಲ್ಲರ ಬಾಯಲ್ಲೂ ಜವರಯ್ಯ. ಊರೊಳಗೆ ಹೋಗಿದ್ದನಂತೆ. ಕೇಳಿದರೆ ಮುಚ್ಚಿಡಲಿಲ್ಲ.

"ಒಂದ್ ಸಲ ಹೋಗಿದ್ದೆ ಸ್ವಾಮಿ. ನಾಯಿ ಅಲ್ಲೇ ಉಳಕಂಡೈತೆ, ಗಂಜಿ ಹಾಕ್ ಬಂದೆ. ಬಾಗ್ಲೊಳೀಕ್ ಕಾಲಿಟ್ಟಿಲ್ಲ."

ಅರಸೀಕೆರೆಯ ಆರೋಗ್ಯ ಕಚೇರಿಗೆ ವರದಿ ಬರೆದೆ: ಕಾವಲುಗಾರನಿಂದ ಸೋಂಕು ಬಂದಂತಿದೆ. ಚೀಲದ ಮಾತು ಬರೆಯಲಿಲ್ಲ. ನೆನಪಾಗಲಿಲ್ಲ ಎಂದು ಬರೆದುಕೊಳ್ಳಲು ಹೊರಟಿದ್ದೆ, ಇಲ್ಲೂ ಸುಳ್ಳೇಕೆ? ನೆನಪಾಗಿತ್ತು.

ಬೇರೆ ಆಳಿಲ್ಲ. ಕಾಗದ ಅವನ ಕೈಯಲ್ಲೇ ಕಳಿಸಿದೆ. ಮಡಿಚಿ ಪಂಚೆಯಲ್ಲಿ ಜೋಪಾನವಾಗಿ ಕಟ್ಟಿಕೊಂಡ.

೩೦-೧೧
ಜವರಯ್ಯನನ್ನು ಕೆಲಸದಿಂದ ತೆಗೆದರು. ಕಾವಲಿನ ಕೋಲು ತಂದು ನನ್ನ ಗುಡಿಸಲಿಗೆ ಒರಗಿಸಿ ಹೋದ. ಬೈದಿದ್ದರೆ ಚೆನ್ನಾಗಿತ್ತು.

ಅದೇ ದಿನ, ಸಂಜೆ
ಶಾಂತಾದೇವಿಗೆ ಚಳಿಜ್ವರ. ಕಂಕುಳಲ್ಲಿ ಗಡ್ಡೆ. ಸೂಜಿಗೆ ಹೆದರಿ ನಾಳೆ ನಾಳೆ ಎಂದವಳು.

೧-೧೨
ಆಸ್ಪತ್ರೆಗೆ ಸಾಗಿಸಲು ಗಾಡಿಯವರು ಒಬ್ಬರೂ ಒಪ್ಪಲಿಲ್ಲ. ಯಾರು ಹೇಳಿದರೋ, ಜವರಯ್ಯ ಬಂದ. "ನಾನ್ ಹೊಡೀತೀನಿ ಗಾಡಿಯ."

ಗಾಡಿ ಹೋದ ಮೇಲೆ ಅವರ ಗುಡಿಸಲು ತೆರವು ಮಾಡಿಸಿದೆ. ಹಾಸಿಗೆಯ ತಲೆಯ ಕಡೆ ಮಠದ ಚೀಲ—ನೆಲಕ್ಕೆ ತಾಗದಿರಲೆಂದು ಸೊಸೆ ಹಾಸಿಗೆಯ ಮೇಲೇ ಇಟ್ಟುಕೊಂಡು ಮಲಗುತ್ತಿದ್ದಳಂತೆ. ಎತ್ತಿದೆ. ತಳದಲ್ಲಿ ತೂತು. ಕೊರೆದ ಕೊಬ್ಬರಿ, ನಾರಿನ ಗೂಡು, ಸತ್ತ ಇಲಿಮರಿಗಳು ನಾಲ್ಕು. ಮೇಲೆ ಗಂಟು ಹಾಗೇ ಇದೆ. ವಿಭೂತಿ ಕೂಡ ಅಳಿಸಿಲ್ಲ.

ಚೀಲ ಸುಟ್ಟೆ. ಗುರುಸಿದ್ದಮ್ಮನಿಗೆ ಕಾರಣ ಹೇಳಲಿಲ್ಲ. ನಾಚಿಕೆ, ಭಯ. ಎರಡೂ.

ಸಂಜೆ ನಾಲ್ಕು
ಜವರಯ್ಯ ತಿರುಗಿ ಬಂದ. ಅರ್ಧ ದಾರಿಯಲ್ಲೇ ಹೋಯಿತಂತೆ ಜೀವ. ನೀರು ಕೇಳಿದಳಂತೆ, ಗಾಡಿ ನಿಲ್ಲಿಸಿ ಕುಡಿಸಿದನಂತೆ.

೨-೧೨, ಭಾನುವಾರ, ಮಧ್ಯಾಹ್ನ
ಎರಡನೇ ವರದಿ. ಮೂರು ಸಲ ಹರಿದೆ. 'ಚೀಲವೊಂದು ಕಣ್ತಪ್ಪಿ ಒಳಬಂದಿತು' ಎಂದು ಬರೆದಿದ್ದೆ. ಛೀ! ಕಣ್ತಪ್ಪಿ ಬಂದದ್ದೇ? ನಾನು ಕೈ ಮುಗಿದು ಬರಮಾಡಿಕೊಂಡದ್ದು. ಈಗ ಸರಿಯಾಗಿ ಬರೆದಿದ್ದೇನೆ. ಜವರಯ್ಯನ ತಪ್ಪಿಲ್ಲ ಎಂದೂ.

ಒಯ್ಯಲು ಅವನನ್ನೇ ಕರೆಸಿದೆ. ಬಾಗಿಲಲ್ಲಿ ನಿಂತಿದ್ದಾನೆ. ಕಾಗದ ಚಾಚಿದರೆ ತೆಗೆದುಕೊಳ್ಳಲಿಲ್ಲ.

"ಹೋದ್ ಸಲದ್ ಕಾಗ್ದಾನೂ ನಾನೇ ತಗಂಡ್ ಹೋದೆ ಸ್ವಾಮಿ. ಓದಕ್ ಬರಾಕಿಲ್ಲ ನಂಗೆ. ಇದ್ನ ಓದಿ ಹೇಳಿ. ಆಮ್ಯಾಲೆ ಒಯ್ತೀನಿ."

ಒಂದು ನಿಮಿಷ ಇರು, ಬರೆದು ಮುಗಿಸುತ್ತೇನೆ ಎಂದೆ. ಬರೆಯುವುದೇನೂ ಉಳಿದಿಲ್ಲ. ಆಚೆ, ನಾಲ್ಕು ಮಾರು ದೂರದಲ್ಲಿ ಗುರುಸಿದ್ದಮ್ಮ ಕೂತಿದ್ದಾಳೆ, ಸೊಸೆಯ ಸೀರೆ ಬಿಸಿಲಿಗೆ ಹರವಿಕೊಂಡು. ಇಲ್ಲಿ ಓದಿದ್ದು ಅಲ್ಲಿಗೆ ಕೇಳುತ್ತದೆ.

ಮೆಲ್ಲಗೆ ಓದಲೇ ಎಂದೆ.

"ಗಟ್ಟಿಯಾಗ್ ಓದಿ ಸ್ವಾಮಿ. ನನ್ ಮ್ಯಾಲ್ ಹೇಳಿದ್ದು ಎಲ್ರಿಗೂ ಕೇಳಿತ್ತು."

ಎದ್ದು ನಿಂತೇ ಬರೆಯುತ್ತಿದ್ದೇನೆ. ಆಕೆ ಇತ್ತ ತಿರುಗಿದಳು. ಓದುತ್ತೇನೆ. ಮೊದಲ ಸಾಲು: 'ಮಠದ ಚೀಲವನ್ನು ಬಿಚ್ಚಿಸದೆ ಒಳಗೆ ಬಿಟ್ಟವನು