ಗೂಳಿ ಅಲೆ ಬಿಟ್ಟ ದಿನ

ಮಾರ್ಚ್ ೧೪, ಸೋಮವಾರ
ಅಂಗಿ ಒಣಗಿಸುವ ಕೋಣೆಯಿಂದ, ಮಧ್ಯಾಹ್ನ

ಪ್ರೀತಿಯ ಮೀನು,

ನಿನ್ನ ಅತ್ತೆಯ ಹರಕೆ ನಿನ್ನ ತಲೆ ಕಾಯಲಿ. ನಿನ್ನ ಕಾಗದ ಬಂದು ತಿಂಗಳಾಗುತ್ತ ಬಂತು. ಮುದುಕಿ ಕಾಗದ ನುಂಗಿ ನೀರು ಕುಡಿದಳು ಎಂದು ಮುನಿಸಿಕೊಂಡಿರುತ್ತೀಯ, ಮುನಿಸಿಕೊಳ್ಳಬೇಕಾದದ್ದೇ. ನೀನು ಕೇಳಿದ್ದು ಒಂದೇ ಮಾತು. "ಬದಲಾಗಿದ್ದೀನಿ ಅಂತ ನಿಮ್ಮ ಮಗ ದಿನಾ ಫೋನ್ ಮಾಡ್ತಾರೆ ಅತ್ತೆ. ಅವರ ಮಾತು ನಂಬಲ್ಲ, ನಿಮ್ಮ ಮಾತು ನಂಬ್ತೀನಿ. ನೀವು ಬಾ ಅಂದ್ರೆ ಬರ್ತೀನಿ." ಇಷ್ಟು ದೊಡ್ಡ ಹೊರೆಯನ್ನು ಇಷ್ಟು ಚಿಕ್ಕ ಕಾಗದದಲ್ಲಿ ಮಡಚಿ ಕಳಿಸಿದೆಯಲ್ಲೇ. ಅವಸರಕ್ಕೆ ಗೀಚಿ ಕಳಿಸುವ ಉತ್ತರವೇ ಇದು? ಕಣ್ಣಾರೆ ನೋಡಿ ಬರೆಯೋಣ ಎಂದು ಕಾದೆ. ನಿನ್ನ ಗಂಡನೂ ನನ್ನ ಬೆನ್ನು ಬಿಡಲಿಲ್ಲ. ಬೆಳಗ್ಗೆ ಎದ್ದರೆ "ಬರೆದ್ಯಾ ಅಮ್ಮ?", ಕೆಲಸ ಮುಗಿಸಿ ಬಂದರೆ "ಬರೆದ್ಯಾ?" ಈಗ ಬರೆಯುತ್ತಿದ್ದೇನೆ.

ಮೊದಲು ಊರ ಸುದ್ದಿ. ನೀನು ಬಿಟ್ಟುಹೋದ ಪಾರ್ಕ್ ಅಲ್ಲ ಇದು ಈಗ. ಸಮುದ್ರದ ಮುಖವನ್ನೇ ನೋಡದ ಊರುಗಳಲ್ಲೆಲ್ಲ ಅಲೆ ಮಾರುವ ಪಾರ್ಕ್‌ಗಳು ನಾಯಿಕೊಡೆಗಳ ಹಾಗೆ ಏಳುತ್ತಿವೆಯಂತೆ. ನೀನು ಈಗ ಕಲಿಸುತ್ತಿರುವ ಪಾರ್ಕ್ ಕೂಡ ಅಂಥದ್ದೇ ತಾನೆ? ನಮ್ಮ ಯಜಮಾನರಿಗೂ ನಿದ್ದೆ ಇಲ್ಲ. ಹೆದ್ದಾರಿಯ ಪಕ್ಕ ಇನ್ನೊಂದು ಕಟ್ಟಿಸುತ್ತಿದ್ದಾರೆ. ಎರಡಕ್ಕೂ ನಿನ್ನ ಗಂಡನನ್ನೇ ಮೇಲ್ವಿಚಾರಕ ಮಾಡುತ್ತಾರಂತೆ, ಹೊಸಬರಿಗೆ ಸರ್ಫಿಂಗ್ ಕಲಿಸುವ ವಿಭಾಗಕ್ಕೆ ನೀನು ಮುಖ್ಯಸ್ಥೆಯಂತೆ. ಅವನ ಅವಸರಕ್ಕೆ ಇದೂ ಒಂದು ಕಾರಣ ಎಂದು ನಿನಗೆ ತಿಳಿದಿರಲಿ.

ಹಳೇ ಯಂತ್ರ ಕಿತ್ತು ಹೊಸದು ಕೂರಿಸಿದ್ದಾರೆ. ಕೊಳದ ಕೊನೆಯ ಗೋಡೆಯ ಹಿಂದೆ ಗಾಳಿಯ ಗೂಡುಗಳು. ಅವು ಒಮ್ಮೆ ಉಸಿರು ಬಿಟ್ಟರೆ ಇಡೀ ಕೊಳ ಎದ್ದು ನಿಲ್ಲುತ್ತದೆ. ಮೇಲೆ ಗಾಜಿನ ಕೋಣೆಯಲ್ಲಿ ನಿನ್ನ ಗಂಡ ಕೂತು ಗುಂಡಿ ಒತ್ತುತ್ತಾನೆ. ಕೆಲಸದವರು ಅಲೆಗಳಿಗೆ ಹೆಸರಿಟ್ಟಿದ್ದಾರೆ. ಮಕ್ಕಳಿಗೆ ಬಿಡುವುದು ಕರು, ನಡುವಿನದು ಹಸು, ಪಳಗಿದವರಿಗೆ ಮಾತ್ರ ಬಿಡುವುದು ಗೂಳಿ. ಗೂಳಿ ಒಂದೇ ಬರುವುದಿಲ್ಲ. ಒಮ್ಮೆ ಒತ್ತಿದರೆ, ಕೆಂಪು ಗುಂಡಿ ಒತ್ತಿ ನಿಲ್ಲಿಸುವ ತನಕ ಒಂದರ ಹಿಂದೆ ಒಂದು ನುಗ್ಗುತ್ತಲೇ ಇರುತ್ತದೆ. ಅದಕ್ಕೇ ಕಟ್ಟುನಿಟ್ಟು: ದಡದ ಕಾವಲುಗಾರ ಹಸಿರು ಬಾವುಟ ತೋರಿಸಬೇಕು, ಸೈರನ್ ಆಗಬೇಕು, ಆಮೇಲೆ ಗೂಳಿ. ಬಾವುಟ ಇಲ್ಲದಿದ್ದರೆ ಯಜಮಾನರೇ ಬಂದು ಹೇಳಿದರೂ ಇಲ್ಲ.

ನನ್ನ ಕೆಲಸ ಮಾತ್ರ ಹಿಂದಿನದೇ. ಬಂದವರಿಗೆ ರಬ್ಬರ್ ಅಂಗಿ ಕೊಡುವುದು, ಬಿಚ್ಚಿಟ್ಟದ್ದನ್ನು ತೊಳೆದು ಒಣಗಿಸುವುದು. ಅಲೆಯ ಮೇಲೆ ಎದೆ ಸೆಟೆಸಿ ನಿಂತ ಶೂರರೆಲ್ಲ ಆ ಅಂಗಿಯೊಳಗೆ ಏನು ಮಾಡಿರುತ್ತಾರೆ ಎನ್ನುವುದು ನನ್ನ ಮೂಗಿಗೆ ಮಾತ್ರ ಗೊತ್ತು.

ಜಗಳಕ್ಕಂತೂ ಕೊರತೆಯಿಲ್ಲ. ಹೋದ ವಾರ ಒಬ್ಬ ವಕೀಲ, ಒಬ್ಬ ಹಲ್ಲಿನ ಡಾಕ್ಟರು ಒಂದೇ ಅಲೆಗೆ ಹಾರಿದರು. "ಇದು ನನ್ನ ಅಲೆ ಕಣಯ್ಯ." "ನಿನ್ನಪ್ಪ ಬರೆದುಕೊಟ್ಟಿದ್ದಾನಾ?" ಅಲ್ಲಿಗೆ ಮುಗಿಯಿತು. ಮೊಣಕಾಲುದ್ದ ನೀರಿನಲ್ಲಿ ನಿಂತು ಇಬ್ಬರೂ ನಾಯಿಗಳ ಹಾಗೆ ಕಚ್ಚಾಡಿದರು. ವಕೀಲ ತನ್ನ ಸರ್ಫಿಂಗ್ ಹಲಗೆ ಬೀಸಿದ. ಹಲ್ಲಿನ ಡಾಕ್ಟರ ಹಲ್ಲೇ ಉದುರಿತು. ಅವನು ಬಾಯಿತುಂಬ ರಕ್ತ ಉಗುಳಿ, ವಕೀಲನ ಕತ್ತು ಹಿಡಿದು ನೀರಿನಲ್ಲಿ ಅದುಮಿದ. ನೋಡುತ್ತಿದ್ದವರಿಗೆ ತಮಾಷೆ. ಆಗ ನಿನ್ನ ಗಂಡ ಯಂತ್ರ ನಿಲ್ಲಿಸಿ ಕೆಳಗೆ ಓಡಿಬಂದ. ಇಬ್ಬರ ನಡುವೆ ನಿಂತು, ತಾನೂ ಒಂದೆರಡು ಗುದ್ದು ತಿಂದು, ಕೈ ಮಾತ್ರ ಮಾಡದೆ ಬಿಡಿಸಿದ. ಹುಬ್ಬು ಒಡೆದು ರಕ್ತ ಸುರಿಯುತ್ತಿದ್ದರೂ "ಹೋಗ್ಲಿ ಬಿಡಿ ಸಾರ್, ನಾಳೆ ಬಂದು ಬೇರೆ ಅಲೆ ತಗೊಳ್ಳಿ" ಎಂದ. ಅವನ ಹುಬ್ಬಿಗೆ ಹತ್ತಿ ಒತ್ತುತ್ತ ನನಗೆ ಎದೆ ತುಂಬಿ ಬಂತು. ಮೊದಲಿನ ಅವನಾಗಿದ್ದರೆ ಇಬ್ಬರನ್ನೂ ಸಿಗಿದು ಹಾಕುತ್ತಿದ್ದ. ಅವತ್ತು ಮನೆಗೆ ಹೋಗಿ "ಬಾ ಮಗಳೇ" ಎಂದು ಬರೆಯಲು ಕೂತೆ. ಪೆನ್ನಿನಲ್ಲಿ ಶಾಯಿ ಮುಗಿದಿತ್ತು. ಆ ಪೆನ್ನಿಗೆ ನಾನು ಇವತ್ತು ಕೈಮುಗಿಯಬೇಕು.

ಶನಿವಾರದ ಮಾತಿಗೆ ಬರುತ್ತೇನೆ.

ಈಗಿನ ಕಾವಲುಗಾರ ನೀನು ಹೋದಮೇಲೆ ಬಂದವನು. ತಾಳೆಮರದಂಥ ಎತ್ತರ, ಎಲ್ಲರೂ ಉದ್ದಣ್ಣ ಎನ್ನುತ್ತಾರೆ. ಕೆಲಸದಲ್ಲಿ ಅಚ್ಚುಕಟ್ಟು, ಬಾಯಿ ಮಾತ್ರ ಸ್ವಲ್ಪ ಹೊಲಸು. ಶನಿವಾರ ಬೆಳಗ್ಗೆ ಜನ ಜಾತ್ರೆ. ಗೂಳಿಯ ಸರದಿಗೆ ಕಾಯುತ್ತಿದ್ದವರು ಸಾಲುಗಟ್ಟಿ ನಿಂತಿದ್ದರು. ಗೋಡೆಯ ಹತ್ತಿರ, ನೀರು ಸೆಳೆಯುವ ಕಬ್ಬಿಣದ ಜಾಲರಿಗೆ ಯಾರದೋ ಮುರಿದ ಹಲಗೆ ಸಿಕ್ಕಿಕೊಂಡಿತ್ತು. ಉದ್ದಣ್ಣ ಬಾವುಟ ತೋರಿಸಲಿಲ್ಲ. ಜನ ಕೂಗಾಡಿದರು. ನಿನ್ನ ಗಂಡ ಮೈಕಿನಲ್ಲಿ ಹೇಳಿದ, "ಬಾವುಟ ತೋರ್ಸೋ, ಹೊತ್ತಾಯ್ತು." ಇವನು "ಹಲಗೆ ತೆಗೆಯೋ ತನಕ ಇಲ್ಲ" ಎಂದ. "ನಾನು ಹೇಳ್ತಿದ್ದೀನಿ, ತೋರ್ಸು." ಆಗ ಉದ್ದಣ್ಣ ಎರಡೂ ಕೈ ಬಾಯಿಯ ಸುತ್ತ ಹಿಡಿದು, ಎಲ್ಲರಿಗೂ ಕೇಳುವ ಹಾಗೆ ಕೂಗಿದ: "ಗಾಜಿನ ಹಿಂದೆ ಕೂತು ಗಂಡಸ್ತನ ತೋರಿಸ್ಬೇಡ. ನಿನ್ನ ಮಾತು ಕೇಳೋ ಹಾಗಿದ್ರೆ ನಿನ್ನ ಹೆಂಡ್ತೀನೇ ಕೇಳಿರೋಳು."

ಸಾಲಿನಲ್ಲಿದ್ದವರು ಘೊಳ್ಳೆಂದು ನಕ್ಕರು. ಇದನ್ನು ಓದಿ ನಿನ್ನಿಂದ ಆಯಿತು ಎಂದುಕೊಂಡೀಯ ಜೋಕೆ. ನಿನ್ನಿಂದ ಏನೂ ಆಗಲಿಲ್ಲ.

ಉದ್ದಣ್ಣ ಬಾವುಟವನ್ನು ದಡದಲ್ಲಿ ಸಿಕ್ಕಿಸಿ ನೀರಿಗಿಳಿದ. ಜಾಲರಿಯ ಹತ್ತಿರ ನೀರು ಸೊಂಟದವರೆಗೂ ಇಲ್ಲ, ಕೆಳಗೆ ಬರೀ ಕಾಂಕ್ರೀಟು. ಗೋಡೆಗೆ ಬೆನ್ನು ಹಾಕಿ, ಬಗ್ಗಿ ಹಲಗೆ ಎಳೆಯುತ್ತಿದ್ದ. ನಾನು ಕಿಟಕಿಯಲ್ಲಿ ಒಬ್ಬಳಿಗೆ ಅಂಗಿ ಕೊಡುತ್ತಿದ್ದವಳು ಯಾಕೋ ತಲೆ ಎತ್ತಿ ಗಾಜಿನ ಕೋಣೆ ನೋಡಿದೆ. ನಿನ್ನ ಗಂಡನ ಮುಖ ಕಂಡಿತು. ಕೋಪ ಇರಲಿಲ್ಲ ಮೀನು. ಸೂಜಿಗೆ ದಾರ ಪೋಣಿಸುವವನ ಮುಖ ಇರುತ್ತದಲ್ಲ, ಅಷ್ಟು ತಣ್ಣಗೆ, ಅಷ್ಟು ಎಚ್ಚರವಾಗಿ. ಅಡುಗೆಮನೆ ಬಾಗಿಲಿಗೆ ನಿನ್ನನ್ನು ಒತ್ತಿ ಹಿಡಿದು ಭುಜದ ಮೂಳೆ ಮುರಿದನಲ್ಲ, ಅವತ್ತು ಇದ್ದದ್ದೂ ಅದೇ ಮುಖ. ಸೈರನ್ ಆಗಲಿಲ್ಲ. ಗೂಳಿ ಬಂತು.

ಉದ್ದಣ್ಣನನ್ನು ಅದು ಎತ್ತಿ ಒಗೆಯಿತು. ಅಷ್ಟು ಎತ್ತರದ ಆಳು ಗಾಳಿಯಲ್ಲಿ ಒಂದು ಸುತ್ತು ತಿರುಗಿ, ಮುಖ ಕೆಳಗಾಗಿ ಕಾಂಕ್ರೀಟಿಗೆ ಬಡಿದ. ಆ ಸದ್ದು ನನ್ನ ಕಿಟಕಿಯವರೆಗೂ ಕೇಳಿತು. ಇಲ್ಲಿಯವರೆಗೆ ಕೈ ತಪ್ಪಿ ಒತ್ತಿದ ಎನ್ನಬಹುದಿತ್ತು. ಹೆತ್ತವಳು ನಾನು, ಹಾಗೇ ಎಂದುಕೊಂಡೆ. ಕೆಂಪು ಗುಂಡಿ ಅವನ ಮೊಣಕೈ ಪಕ್ಕದಲ್ಲೇ ಇತ್ತು. ಅವನು ಎರಡೂ ಕೈ ಕಟ್ಟಿಕೊಂಡು ನಿಂತ. ಎರಡನೆಯದು ಬಂತು. ಏಳಲು ಹೊರಟಿದ್ದ ಉದ್ದಣ್ಣನನ್ನು ಉಜ್ಜಿಕೊಂಡು ಹೋಗಿ ಕೊಳದ ಮೆಟ್ಟಿಲಿನ ಅಂಚಿಗೆ ಅಪ್ಪಳಿಸಿತು. ನೀರು ಕೆಂಪಾಯಿತು. ನಗುತ್ತಿದ್ದ ಜನ ಈಗ ಕಿರುಚುತ್ತಿದ್ದರು. ಮೂರನೆಯದು ಗೋಡೆಯ ಹಿಂದೆ ಉಸಿರು ಎಳೆದುಕೊಳ್ಳುವುದು ಕೇಳಿಸಿತು.

ಈ ಮಂಡಿನೋವಿನ ಕಾಲುಗಳಲ್ಲಿ ಗಾಜಿನ ಕೋಣೆಯ ಕಬ್ಬಿಣದ ಮೆಟ್ಟಿಲು ಹೇಗೆ ಹತ್ತಿದೆನೋ ನನಗೇ ಗೊತ್ತಿಲ್ಲ. ಬಾಗಿಲು ತಳ್ಳಿ, ಅವನನ್ನು ಪಕ್ಕಕ್ಕೆ ನೂಕಿ, ಕೆಂಪು ಗುಂಡಿ ಒತ್ತಿದೆ. ನೀರು ನಿಂತಿತು.

ಉದ್ದಣ್ಣ ಬದುಕಿದ್ದಾನೆ. ದವಡೆ ಎರಡು ಕಡೆ ಮುರಿದಿದೆ, ತಂತಿ ಹಾಕಿ ಕಟ್ಟಿದ್ದಾರೆ. ಒಂದು ಕಣ್ಣು ಬರುವುದು ಅನುಮಾನ. ನಿನ್ನೆ ನೋಡಿಬಂದೆ. ನನ್ನನ್ನು ನೋಡಿ ಒಳ್ಳೆಯ ಕಣ್ಣಿನಲ್ಲಿ ನೀರು ತಂದುಕೊಂಡ. ಬೆನ್ನ ಹಿಂದೆ ಏನಾಯಿತೆಂದು ಅವನು ನೋಡಿಲ್ಲ. ಯಂತ್ರ ಕೈಕೊಟ್ಟಿತು ಎಂದೇ ಅವನಿಗೂ ಹೇಳಿದ್ದಾರೆ. ಪಕ್ಕದಲ್ಲಿ ಕೂತಿದ್ದ ಅವನ ಹೆಂಡತಿ "ನೀವು ಓಡಿಹೋಗಿ ನಿಲ್ಲಿಸಿದ್ರಂತೆ, ನಿಮ್ಮಿಂದ ನನ್ನ ಗಂಡ ಉಳಿದ ಅಮ್ಮ" ಎಂದು ನನ್ನ ಕಾಲು ಹಿಡಿದುಕೊಂಡಳು. ಭೂಮಿ ಬಾಯಿ ಬಿಡಬಾರದೇ ಎನಿಸಿತು.

ಇವತ್ತು ಬೆಳಗ್ಗೆ ಯಜಮಾನರು ನನ್ನನ್ನು ಕರೆಸಿದರು. ಜೀವಮಾನದಲ್ಲಿ ಮೊದಲ ಸಲ ಕುರ್ಚಿ ಕೊಟ್ಟರು. "ಯಂತ್ರದವರ ತಪ್ಪು ಅಂತ ಆದ್ರೆ ಎಲ್ಲರಿಗೂ ಒಳ್ಳೇದು ನೋಡಿ ಅಮ್ಮ. ಮೇಲಿನ ಕೋಣೆಗೆ ಹೋಗಿದ್ದು ನೀವೊಬ್ಬರೇ. ನಾಳೆ ಪೊಲೀಸಿನವರು ಕೇಳ್ತಾರೆ. ನಿಮ್ಮ ಮಗನ ಭವಿಷ್ಯ ನಿಮ್ಮ ಬಾಯಲ್ಲಿದೆ" ಎಂದರು. ಬೆಣ್ಣೆಯಂಥ ಮಾತು. ನಿನ್ನ ಗಂಡನೂ ಮನೆಯಲ್ಲಿ ಅದನ್ನೇ ಹೇಳುತ್ತಾನೆ. ಎರಡು ದಿನದಿಂದ ನನಗೆ ಪಾತ್ರೆ ತೊಳೆಯಲು ಬಿಟ್ಟಿಲ್ಲ, ಮಂಡಿಗೆ ಎಣ್ಣೆ ತಿಕ್ಕುತ್ತಾನೆ. ಬಿಕ್ಕಿ ಬಿಕ್ಕಿ ಅಳುತ್ತಾನೆ. "ಒಂದು ಕ್ಷಣ ಕಣ್ಣು ಕತ್ತಲೆ ಬಂತು ಅಮ್ಮ, ಅಷ್ಟೇ. ಅವಳು ವಾಪಸ್ ಬಂದ್ರೆ ನಾನು ಸರಿ ಹೋಗ್ತೀನಿ. ಬರಿಯಮ್ಮ." ಆ ಅಳು ಸುಳ್ಳಲ್ಲ, ಅದೇ ಸಂಕಟ. ನಿನ್ನ ಭುಜ ಮುರಿದ ಮೇಲೂ ಆಸ್ಪತ್ರೆಯ ಜಗಲಿಯಲ್ಲಿ ಹೀಗೇ ಅತ್ತ. ನಿಜವಾಗಿಯೇ ಅಳುತ್ತಾನೆ, ಮತ್ತೆ ನಿಜವಾಗಿಯೇ ಮುರಿಯುತ್ತಾನೆ.

ಆದ್ದರಿಂದ ನನ್ನ ಉತ್ತರ ಇದು, ಮೀನು. ಬರಬೇಡ. ಅವನು ಫೋನ್ ಮಾಡಿ ಅತ್ತರೂ ಬರಬೇಡ. ಅಮ್ಮನಿಗೆ ಮೈ ಹುಷಾರಿಲ್ಲ, ಹಾಸಿಗೆ ಹಿಡಿದಿದ್ದಾಳೆ ಎಂದರೂ ಬರಬೇಡ. ನಾನು ಸತ್ತೆ ಎಂದರೆ, ಅವನು ಅಲ್ಲಿಂದ ಎದ್ದುಹೋದಮೇಲೆ ಬಂದು ನೋಡಿಕೊಂಡು ಹೋಗು. ಸೊಸೆಗೆ ಯಾವ ಅತ್ತೆಯೂ ಇಂಥದ್ದು ಬರೆಯುವುದಿಲ್ಲ. ನನ್ನ ಹಣೆಯಲ್ಲಿ ಬರೆದಿತ್ತು, ಬರೆಯುತ್ತಿದ್ದೇನೆ.

ನಾಳೆ ಪೊಲೀಸಿನವರ ಮುಂದೆ ಕಂಡದ್ದು ಕಂಡ ಹಾಗೆ ಹೇಳುತ್ತೇನೆ. ಅವನೂ ಅಲ್ಲೇ ನಿಂತಿರುತ್ತಾನಂತೆ. ಅವನ ಮುಖ ನೋಡಿದರೆ ನಾಲಿಗೆ ಏಳುತ್ತದೋ ಇಲ್ಲವೋ ಎಂಬ ಭಯಕ್ಕೆ ನಿನಗೆ ಇಷ್ಟೆಲ್ಲ ಮೊದಲೇ ಬರೆದಿಡುತ್ತಿದ್ದೇನೆ. ನಿನಗೆ ಹೇಳಿದ ಮೇಲೆ ಅಲ್ಲಿ ಬೇರೆ ಹೇಳಲು ನನಗೆ ನಾಚಿಕೆಯಾಗಬೇಕು.

ಭುಜ ಈಗ ಹೇಗಿದೆ? ತಣ್ಣೀರಿನಲ್ಲಿ ಹೆಚ್ಚು ಹೊತ್ತು ಇರಬೇಡ. ಹೊತ್ತಿಗೆ ಸರಿಯಾಗಿ ಉಣ್ಣು. ನಗುನಗುತ್ತಾ ಬಾಳು ತಾಯಿ. ಇನ್ನೊಬ್ಬ ಒಳ್ಳೆಯವನು ಸಿಕ್ಕರೆ ಅತ್ತೆ ಏನಂದುಕೊಂಡಾಳೋ ಎಂದು ಹಿಂದೆಮುಂದೆ ನೋಡಬೇಡ.

ಇಂತಿ ನಿನ್ನನ್ನು ಹೆರದೆ ಹೋದ ಅಮ್ಮ,
ಅತ್ತೆ

ಮರೆತ ಮಾತು: ಮರೆತದ್ದಲ್ಲ, ಹಾರಿಸಿದ್ದು. ಗುಂಡಿ ಒತ್ತಿದೆ, ನೀರು ನಿಂತಿತು ಎಂದು ಬರೆದು ಮುಂದೆ ಹೋಗಿಬಿಟ್ಟೆ. ಆ ಕೋಣೆಯಲ್ಲಿ ಇನ್ನೊಂದು ನಡೆಯಿತು. ನಾನು ಒತ್ತಿದ ಕೂಡಲೇ ಅವನು ನನ್ನ ಕಡೆ ತಿರುಗಿ ಕೈ ಮೇಲೆತ್ತಿದ. ಹೊಡೆಯಲಿಲ್ಲ. ಹುಟ್ಟಿದಾಗಿನಿಂದ ನನ್ನ ಮೇಲೆ ಒಂದು ಬೆರಳೂ ಇಟ್ಟವನಲ್ಲ ಅವನು. ಆದರೆ ನನ್ನ ಮೈ ನನ್ನನ್ನು ಕೇಳಲಿಲ್ಲ. ನಿನ್ನ ಮಾವ ಕೈ ಎತ್ತಿದಾಗಲೆಲ್ಲ ನಾನು ಮಾಡುತ್ತಿದ್ದ ಹಾಗೆ ಮೂಲೆಗೆ ಸರಿದು, ಮಂಡಿಯೂರಿ, ಎರಡೂ ತೋಳಿನಲ್ಲಿ ತಲೆ ಮುಚ್ಚಿಕೊಂಡು ಕೂತುಬಿಟ್ಟೆ. ನಿನ್ನ ಮಾವನ ಈ ವಿಷಯ ನಿನಗೆ ಯಾರೂ ಹೇಳಿಲ್ಲ. ಇವನಿಗೆ ಯಾರೂ ಹೇಳಬೇಕಾಗಿರಲಿಲ್ಲ, ಚಿಕ್ಕವನಿದ್ದಾಗ ಮಂಚದ ಕೆಳಗಿನಿಂದ ನೋಡುತ್ತಿದ್ದ. ಅವನು ಎತ್ತಿದ ಕೈ ಇಳಿಸಿದ. ಆಮೇಲೆ ತುಂಬ ಚಿಕ್ಕ ದನಿಯಲ್ಲಿ ಹೇಳಿದ, "ಅಮ್ಮಾ, ನಾನಮ್ಮ. ಅಪ್ಪ ಅಲ್ಲ." ನಾನು ತೋಳು ಕೆಳಗಿಳಿಸಲಿಲ್ಲ ಮೀನು.